ತಗಡಿನ ಸಾಗವಾನಿ

ನಮ್ಮಣ್ಣ ಅಮಾತೆಪ್ಪನನ್ನು ಸುರಪುರದ ಮಂದಿ ಇವತ್ತಿಗೂ ಹುಚ್ಚ ಎನ್ನುತ್ತಾರೆ. ಅನ್ನುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಆದರೆ ಹುಚ್ಚು ಬೇರೆ, ನಂಬಿಕೆ ಬೇರೆ. ಅವನಿಗಿದ್ದದ್ದು ಎರಡನೆಯದು, ಅದೂ ಮಿತಿ ಮೀರಿ. ನಾನು ಅವನ ಬೆನ್ನ ಹಿಂದೆ ಹುಟ್ಟಿದ ತಂಗಿ ಸಾಯಬಮ್ಮ. ಇದನ್ನು ಹೇಳುವ ಹಕ್ಕು ನನ್ನದು. ಕೇಳಲು ಮನಸ್ಸಿಲ್ಲದವರು ಈಗಲೇ ಎದ್ದು ಹೋಗಬಹುದು.

ನಮ್ಮದು ಯಾದಗಿರಿ ಹತ್ತಿರದ ಮುದನಾಳದ ಕುರಿಗಾರರ ಮನೆ. ಅಪ್ಪ ಅಣ್ಣನ ಕೈಗೆ ಕೋಲು ಕೊಟ್ಟು ಹಿಂಡಿನ ಹಿಂದೆ ಕಳಿಸಿದರೆ, ಅವನು ಬಂಡೆಯ ಮೇಲೆ ಕಾವಿಯಿಂದ ಗೀಚುತ್ತ ಕೂತುಬಿಡುತ್ತಿದ್ದ. ಕುರಿಗಳು ಕಂಡವರ ಜೋಳಕ್ಕೆ ನುಗ್ಗುತ್ತಿದ್ದವು, ಬೈಗುಳ ಅಪ್ಪನಿಗೆ ಬೀಳುತ್ತಿತ್ತು. “ಇವ ಕುರಿ ಕಾಯಾಂವಲ್ಲ, ಕುರೀನ ಇವನ್ನ ಕಾಯ್ತಾವ,” ಎಂದು ಅಪ್ಪ ಕೊನೆಗೆ ಅವನನ್ನು ಸುರಪುರದ ಒಬ್ಬ ಚಿತ್ರಗಾರರ ಮನೆಯಲ್ಲಿ ಬಿಟ್ಟು ಬಂದ. ದೇವರ ಚಿತ್ರ ಬರೆಯುವ ಮನೆ ಅದು. ಅಣ್ಣನ ಪಾಲಿಗೆ ದೇವರು ಬರಲಿಲ್ಲ, ಬಾಗಿಲು ಬಂತು.

ದೊಡ್ಡವರ ವಾಡೆಗೆ ಸಾಗವಾನಿ ಬಾಗಿಲು, ಉಳಿದವರ ಮನೆಗೆ ಬೇವಿನ ಬಾಗಿಲು. ಬೇವಿನ ಬಾಗಿಲಿನವನಿಗೂ ಸಾಗವಾನಿಯ ಆಸೆ ಇರುತ್ತದಲ್ಲ, ಆ ಆಸೆಯೇ ಅಣ್ಣನ ಅನ್ನ. ಮೊದಲು ಹಳದಿ ಮಣ್ಣು ಕಲಸಿದ ಎಣ್ಣೆ ಬಣ್ಣ ಬಳಿಯುತ್ತಿದ್ದ. ಅದು ಒಣಗಿದ ಮೇಲೆ ಅಗಸಿ ಎಣ್ಣೆಯಲ್ಲಿ ತೆಳ್ಳಗೆ ಮಾಡಿದ ಕಂದು ಬಣ್ಣ. ಅದು ಹಸಿ ಇರುವಾಗಲೇ ಕುರಿ ಉಣ್ಣೆಯ ಉಂಡೆಯಿಂದ ಎಳೆದು, ಕೊಂಬಿನ ಬಾಚಣಿಗೆಯಿಂದ ಗೀರಿ, ಕೋಳಿ ಪುಚ್ಚದ ತುದಿಯಿಂದ ನರ ಎಬ್ಬಿಸಿದನೆಂದರೆ ಬಡಗಿಯೇ ಮೋಸ ಹೋಗಬೇಕು. ತಗಡಿನ ಪೆಟ್ಟಿಗೆಗಳಿಗೂ ಹಾಗೆಯೇ ಮಾಡುತ್ತಿದ್ದ. ಅಪ್ಪ ಊರಿಂದ ಉಣ್ಣೆ ತಂದುಕೊಡುತ್ತ, “ಅಂತೂ ಕುರಿ ನಿನ್ನ ಬಿಡಲಿಲ್ಲ ನೋಡಲೇ,” ಎಂದು ನಗುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಅಣ್ಣ ಹಟಮಾರಿ. ಕಟ್ಟಿಗೆಯಲ್ಲಿ ಕೊಂಬೆ ಒಡೆದ ಕಡೆ ದುಂಡಗೆ ಗಂಟು ಇರುತ್ತದೆ. ಅದಕ್ಕೆ ಅವನು ಕಣ್ಣು ಎನ್ನುತ್ತಿದ್ದ. ಗುರುಗಳ ಮನೆಯಲ್ಲಿ ದೇವರ ಚಿತ್ರದ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ, ಬರೆಸಿದವರನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದರು. ಕಣ್ಣು ತೆಗೆಯುವುದು ಎಂದರೆ ಅದು. ಅದನ್ನು ನೋಡಿ ಬೆಳೆದ ಇವನು ಬಾಗಿಲಿಗೂ ಅದೇ ಶಾಸ್ತ್ರ ಹಚ್ಚಿದ. ಮನೆಯ ಮಾಲಕ ಬಂದು ಎದುರು ಕೂಡುವ ತನಕ ಬಾಗಿಲಿನ ಕಣ್ಣು ತೆಗೆಯುವುದಿಲ್ಲ.

“ಏ ಅಮಾತೆಪ್ಪ, ಹೊಲದಾಗ ರಾಶಿ ಬಿಟ್ಟು ಬಂದೀನಿ. ಬಾಗಲದ ಕಣ್ಣಿಗೆ ನಾ ಯಾಕ ಬೇಕಪಾ?” ಎಂದು ಜನ ಗೊಣಗುತ್ತಿದ್ದರು.

“ಮಾಲಕ ಯಾರಂತ ಅದು ನೋಡಬೇಕ್ರಿ. ಇಲ್ಲಂದ್ರ ನಾಳೆ ಕಳ್ಳ ಬಂದ್ರ ಹೆಂಗ ಗುರ್ತ ಹಿಡೀತೈತಿ?” ಎನ್ನುತ್ತಿದ್ದ.

ನಗುತ್ತ ಬಂದು ಕೂಡುತ್ತಿದ್ದರು. ಸುರಪುರ, ಶಹಾಪುರದ ಕಡೆ ಅದೊಂದು ರೂಢಿಯೇ ಆಗಿಹೋಯಿತು.

ಹೀಗೆಯೇ ಒಮ್ಮೆ ಶಹಾಪುರದ ಒಬ್ಬ ಇನಾಮದಾರರು ಬಾಗಿಲಿಗೆ ಬಣ್ಣ ಹಚ್ಚಲು ಅವನನ್ನು ಕರೆಸಿದರು. ಅಂಗಳದಲ್ಲಿ ಅವರ ಕರೀ ಮೋಟಾರು ನಿಂತಿತ್ತು. ಗಡಿಯಾರದಂಥ ಬಿಲ್ಲೆಗಳನ್ನು ಕೂರಿಸುವ ಮುಂದಿನ ಹಲಗೆ ಇರುತ್ತದಲ್ಲ, ಈಗಿನವರು ಡ್ಯಾಶ್‌ಬೋರ್ಡ್ ಎನ್ನುತ್ತಾರೆ, ಅದನ್ನು ನೋಡಿ ಅಣ್ಣನ ಕಾಲು ಅಲ್ಲೇ ನಿಂತವು. ಎಂಥ ಕಟ್ಟಿಗೆ! ಯಾವ ಮರದ್ದೋ ಗೊತ್ತಾಗಲಿಲ್ಲ. ಕಿಟಕಿಯಿಂದ ಕೈ ತೂರಿಸಿ ಬೆರಳ ಗೆಣ್ಣಿನಿಂದ ಬಡಿದ. ಠಣ್ ಎಂದಿತು. ಕಟ್ಟಿಗೆಯಲ್ಲ, ತಗಡು! ಅಣ್ಣ ಅಂಗಳದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಪರದೆಯ ಹಿಂದಿನಿಂದ ಇನಾಮದಾರರ ಹೆಂಡತಿ ಖುರ್ಷೀದಬೇಗಂ ಕೇಳಿದಳು: “ಯಾಕ ನಗಾಕತ್ತಿ?”

“ಈ ಕಸಬಿನಾಗ ಸುಳ್ಳ ನಾ ಒಬ್ಬಾಂವ ಹೇಳ್ತೀನಿ ಅಂದ್ಕೊಂಡಿದ್ದೆ ಬೇಗಂಸಾಬ್. ವಿಲಾಯತಿಯೊಳಗೂ ನಮ್ಮ ಮಂದಿ ಅದಾರ!”

ಆಕೆಗೂ ನಗು ತಡೆಯಲಿಲ್ಲ. “ಹಂಗಾದ್ರ ಇದರ ಬಣ್ಣ ಸುಲದು ಹೋದ ದಿನ ನಿನ್ನ ಕರಸ್ತೀನಿ,” ಎಂದಳು.

“ಕರಸ್ರಿ. ಆದ್ರ ಕಣ್ಣು ತೆಗಿಯೋವಾಗ ಮಾಲಕರು ಮುಂದ ಇರಬೇಕು. ಮಾಲಕ ಇಲ್ಲದ ನಾ ಕಣ್ಣು ತೆಗಿಯಾಂಗಿಲ್ಲ.”

ಎರಡು ವರ್ಷದಲ್ಲಿ ಇನಾಮದಾರರು ತೀರಿಕೊಂಡರು. ಮಕ್ಕಳಿಲ್ಲದ ಹೆಣ್ಣು ಬೇಗಂ. ಅಣ್ಣ ಆಗಾಗ ಹೋಗಿ ಬಂದು ಮಾಡುತ್ತಿದ್ದ, ಆಕೆ ಅವನನ್ನು ಭಾಯಿ ಎಂದಳು. ಗಂಡನ ಗುರುತೆಂದು ಆ ಮೋಟಾರನ್ನು ದಿನಾ ತಾನೇ ನಿಂತು ಒರೆಸಿಸುತ್ತಿದ್ದಳಂತೆ.

ಅದೇ ಹೊತ್ತಿಗೆ ನನ್ನ ಮದುವೆ ಆಯಿತು, ಶಹಾಪುರ ತಾಲೂಕಿನ ಸಗರಕ್ಕೆ. ನಮ್ಮ ಕಡೆ ಗಂಡನ ಹೆಸರು ಹೆಂಡತಿ ಬಾಯಿಂದ ಬರಬಾರದು. ಬಂದರೆ ಅವನ ಆಯುಷ್ಯ ಕಡಿಮೆ ಎನ್ನುತ್ತಾರೆ. ಪ್ರಾಸದ ಸಾಲು ಹೊಂದಿಸಿ ಒಡಪು ಕಟ್ಟಿ ಹೇಳಿದರೆ ಮಾತ್ರ ದೋಷವಿಲ್ಲ. ಹೊಸ್ತಿಲಲ್ಲಿ ಹೆಂಗಸರು ನನ್ನನ್ನು ತಡೆದು, “ಹೆಸರ ಹೇಳಿ ಒಳಗ ಬಾ,” ಎಂದು ಕಾಡಿದಾಗ ನಾನೂ ಒಂದು ಒಡಪು ಹಾಕಿದೆ:

“ತಗಡಿನ ಮ್ಯಾಲ ಸಾಗವಾನಿ ಬರ್ದಾನ ನಮ್ಮಣ್ಣ,
ಹಣಿ ಮ್ಯಾಲ ಕುಂಕುಮ ಬರ್ದಾನ ಭಾಗಣ್ಣ.”

ಹೆಂಗಸರು ಕೇಕೆ ಹಾಕಿ ನಕ್ಕರು. ಅದೇ ಮೊದಲು. ಆಮೇಲೆ ನನಗೆ ಅವರು ‘ನಮ್ಮ ಮನೆಯವರು’, ಅಷ್ಟೇ. ಚೆಂದದ ಮೀಸೆ, ಕಲ್ಲನ್ನೂ ನಗಿಸುವ ಮಾತು. ನನಗೆ ಅವರೆಂದರೆ ಜೀವ. ಅಣ್ಣನಿಗೆ ನನಗಿಂತ ಹೆಚ್ಚು.

ಮುಂದೆ ನಿಜಾಮರ ರಾಜ್ಯ ಮುಳುಗುವ ದಿನ ಬಂತು. ಹಿಂದೂಸ್ತಾನದ ದಂಡು ಬರುತ್ತದೆ ಎಂದು ಗುಲ್ಲೋ ಗುಲ್ಲು. ಮೊದಲು ಹಿಂದೂಗಳು ಓಡಿದರು, ಆಮೇಲೆ ಮುಸಲ್ಮಾನರು ಓಡಿದರು. ಬೇಗಂ ಒಬ್ಬಳೇ ಇದ್ದಾಳೆ ಎಂದು ಅಣ್ಣ ಶಹಾಪುರಕ್ಕೆ ಹೋಗಿ, ಆಕೆಯನ್ನು ಸಗರದ ನಮ್ಮ ಮನೆಗೆ ಕರೆತಂದ. ಡ್ರೈವರ್ ಅಲ್ಲಾಬಕ್ಷ ಮೋಟಾರನ್ನು ನಮ್ಮ ದನದ ಕೊಟ್ಟಿಗೆಗೆ ತಂದು ಹಾಕಿ ತನ್ನ ಮಕ್ಕಳ ಕಡೆ ಓಡಿದ. ನಾವು ಅದರ ಸುತ್ತ ಜೋಳದ ಒಣ ದಂಟಿನ ಕಣಿಕೆ ಒಟ್ಟಿ ಮುಚ್ಚಿದೆವು. ಬೇಗಂ ನನ್ನ ಇಲಕಲ್ ಸೀರೆ ಉಟ್ಟು, ನನ್ನ ಜೊತೆ ರೊಟ್ಟಿ ಬಡಿಯುತ್ತ ಕೆಲವು ದಿನ ಕಳೆದಳು. ಗಲಾಟೆ ತಣ್ಣಗಾದ ಮೇಲೆ ಹೈದರಾಬಾದಿನ ತಮ್ಮನ ಮನೆಗೆ ಹೊರಟಾಗ ಮೋಟಾರಿನ ಕೀಲಿಯನ್ನು ಅಣ್ಣನ ಕೈಯಲ್ಲಿಟ್ಟಳು. “ಭಾಯಿ, ನಿನ್ನ ಕೈಯಾಗ ಕೊಟ್ಟೀನಿ,” ಎಂದಳು. ಅಣ್ಣ ಅದನ್ನು ಹಾಗೆಯೇ ನಮ್ಮ ಮನೆಯವರ ಕೈಗೆ ಕೊಟ್ಟ. ಅವನ ಲೆಕ್ಕದಲ್ಲಿ ಎರಡೂ ಒಂದೇ ಕೈ.

ಸಂಕ್ರಾಂತಿ ಸುಮಾರಿಗೆ ನಾನು ಚೊಚ್ಚಲ ಹೆರಿಗೆಗೆ ಸುರಪುರಕ್ಕೆ, ಅಣ್ಣನ ಮನೆಗೆ ಬಂದೆ. ಅವ್ವ ಆಗ ಅವನ ಜೊತೆಗೇ ಇದ್ದಳು. ಕೂಸಿನ ಮುಖ ನೋಡಲು ಬಂದ ನಮ್ಮ ಮನೆಯವರು ಹೊಸ್ತಿಲಲ್ಲೇ ಕುಸಿದು ಕೂತು ಗಳಗಳ ಅತ್ತರು. ಲೂಟಿಗಾರರು ಬಡಿಗೆ ಹಿಡಿದು ಬಂದರಂತೆ, ಕಣಿಕೆ ಕಿತ್ತು ಮೋಟಾರು ಒಯ್ದರಂತೆ.

“ನಿನ್ನ ಜೀವ ಉಳೀತಲ್ಲೋ ಭಾಗಣ್ಣಾ, ಸಾಕು,” ಎಂದು ಅಣ್ಣ ಅವರನ್ನು ತಬ್ಬಿಕೊಂಡ. ಆದರೆ ಬೇಗಂಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಯಾದಗಿರಿಗೆ ಹೋಗಿ ರೈಲು ಹತ್ತಿ, ಹೈದರಾಬಾದಿನಲ್ಲಿ ಆಕೆಯ ಮುಂದೆ ನಿಂತು ಕೂಸಿನ ಹಾಗೆ ಅತ್ತು ಬಂದ. ಆಕೆ, “ಹೋದ್ರ ಹೋಗ್ಲಿ. ನಿಮಗೇನೂ ಆಗಲಿಲ್ಲಲ್ಲ,” ಎಂದಳಂತೆ. ಅಷ್ಟು ದೊಡ್ಡ ಮನಸ್ಸು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ನಾನೂ ನಮ್ಮ ಮನೆಯವರೂ ಗಾಡಿ ಕಟ್ಟಿಕೊಂಡು ಸುರಪುರಕ್ಕೆ ಬಂದೆವು. ಗಾಡಿಯಲ್ಲಿ ಗೋಣಿ ಸುತ್ತಿದ ಒಂದು ತಗಡಿತ್ತು. ಸೋಡಾ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದ ಬರೀ ತಗಡು, ಬಿಲ್ಲೆ ಕೂರಿಸುವ ತೂತುಗಳು.

“ರಾಯಚೂರಾಗ ಒಬ್ಬ ಡಾಕ್ಟರು ಅದಾರ. ಅವರ ಕಾರಿಂದು. ನಿನ್ನ ಹೆಸರು ಕೇಳ್ಯಾರ ಅಮಾತೆಪ್ಪಣ್ಣ,” ಎಂದರು ನಮ್ಮ ಮನೆಯವರು.

ಅಣ್ಣ ತಗಡನ್ನು ತಿರುಗಿಸಿ ನೋಡಿದ. “ಈ ತೂತು ಸೈತ ಬೇಗಂಸಾಬರ ಕಾರಿನಂಗ ಅದಾವಲ್ಲೋ?”

“ಒಂದ ಕಂಪನಿದು ಇರಬೇಕು ಬಿಡು.”

ಬಿಟ್ಟ. ಕೇಳಿದ್ದಕ್ಕೆ ಉತ್ತರ ಬಂತು, ಅವನಿಗೆ ಅಷ್ಟು ಸಾಕು. ಉಸುಕು ಕಾಗದ ಹಿಡಿದು ತಿಕ್ಕಿ, ಬಣ್ಣ ಬಳಿದು, ಒಣಗಿಸಿ, ಮತ್ತೆ ತಿಕ್ಕಿ, ಉಣ್ಣೆ ಉಂಡೆ ಹಿಡಿದು ಕೂತ. ನಾನು ಬದಿಯಲ್ಲಿ ಕೂತು ನೋಡುತ್ತಿದ್ದೆ. “ಯಾವ ಮರ ಅಣ್ಣ ಇದು?” ಎಂದು ಕೇಳಿದೆ.

“ಹೆಸರು ನನಗೂ ಗೊತ್ತಿಲ್ಲವ್ವ. ಮೋಟಾರಿನ ಕಟ್ಟಿಗಿ ಅಂದ್ರ ನಾ ನೋಡಿದ್ದು ಬೇಗಂಸಾಬರದೊಂದ. ಅದನ್ನ ನೆನಸಿಕೊಂಡು ಮಾಡಾಕತ್ತೇನಿ. ಅವರದಂತೂ ಹೋತು, ಇದರಾಗರ ಉಳೀಲಿ.”



ಕಣ್ಣು ತೆಗೆಯುವ ದಿನ ಅಣ್ಣ ಕುಂಚ ಹಿಡಿದು ಕೇಳಿದ: “ಮಾಲಕರು ಎಲ್ಲಿ?”

“ಡಾಕ್ಟರಿಗೆ ಪುರಸೊತ್ತ ಎಲ್ಲೈತಿ? ಅವರ ಬದ್ಲಿ ನಾ ಕೂಡ್ತೀನಿ.”

“ಹಂಗ ನಾ ಒಮ್ಮೆನೂ ಮಾಡಿಲ್ಲ ಭಾಗಣ್ಣಾ.”

“ನಿನ್ನ ತಂಗೀನ ಕೊಟ್ಟೀಯಂತ, ಒಂದು ತಗಡಿನ ಮುಂದ ಕುಂದ್ರಾಕ ಕೊಡಾಂಗಿಲ್ಲ?” ಎಂದು ಮೀಸೆ ತಿರುವಿ ಕಟ್ಟೆಯ ಮೇಲೆ ಜಮಾಯಿಸಿ ಕೂತುಬಿಟ್ಟರು. ಅವ್ವ ನಕ್ಕಳು, ಚಹಾ ತಂದ ನಾನೂ ನಕ್ಕೆ. ಅಣ್ಣನೂ ಸೋತು ನಕ್ಕ. ತಗಡಿನ ಬಲಗಡೆ ಬೇಗಂ ಕಾರಿನಲ್ಲಿ ಇಲ್ಲದ ಒಂದು ಕಣ್ಣು ತೆಗೆದ, ತನ್ನ ರೂಢಿಯಂತೆ. ಎದುರಿಗೆ ನಮ್ಮ ಮನೆಯವರು ಕೂತಿದ್ದರು.

ಮರುವರ್ಷ ನಾಗರಪಂಚಮಿಗೆ ನಾನು ಕೂಸನ್ನೆತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಒಲೆಯ ಮೇಲೆ ಜೋಳದ ಅಳ್ಳು ಹುರಿಯುತ್ತಿದ್ದೆ. ಬಾಗಿಲಲ್ಲಿ ಟಾಂಗಾ ನಿಂತಿತು, ಬೇಗಂ ಇಳಿದಳು. “ಬರ್ರಿ ಬರ್ರಿ, ಪಂಚಮಿ ದಿನ ಅಕ್ಕನೂ ಬಂದಂಗಾತು!” ಎಂದು ಅಣ್ಣ ಕಂಬಳಿ ಹಾಸಲು ಓಡಿದ. ಆಕೆ ಕೂಡಲಿಲ್ಲ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ಅಮಾತೆಪ್ಪ, ನನ್ನ ಕಾರಿಗೆ ಯಾರನ್ನ ಮುಂದ ಕೂಡಿಸಿ ಕಣ್ಣು ತೆಗದಿ?”

ಅಣ್ಣನಿಗೆ ಅರ್ಥವಾಗಲಿಲ್ಲ. ಆಕೆಯೇ ಹೇಳಿದಳು. ಶಹಾಪುರದ ಮನೆಯ ವಿಲೇವಾರಿಗೆಂದು ಬಂದವಳು ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದಿದ್ದಾಳೆ. ಹೊರಗೆ ಒಂದು ಹಸಿರು ಕಾರು, ಯಾರೋ ಹತ್ತಿ ವ್ಯಾಪಾರಿಯದು. ಗಂಡನ ಕಾರಿನ ನೆನಪಾಗಿ ಒಳಗೆ ಬಗ್ಗಿ ನೋಡಿದ್ದಾಳೆ. ಹೊರಗಿನ ಬಣ್ಣ ಬದಲಾಗಿದ್ದರೂ ಒಳಗೆ ಅದೇ ಸೀಟು, ಗಂಡನ ಸಿಗರೇಟು ಸುಟ್ಟ ಅದೇ ಕಲೆ. ಮುಂದೆ ಅದೇ ಕಟ್ಟಿಗೆ, ಹೊಸದಾಗಿ ಹೊಳೆಯುತ್ತಿದೆ. ಅದರಲ್ಲೊಂದು ಕಣ್ಣು. ಬಣ್ಣ ಯಾರದು ಎಂದು ಕೇಳಿದರೆ, “ಸುರಪುರದ ಅಮಾತೆಪ್ಪಂದು,” ಎಂದು ಅವರ ಡ್ರೈವರ್ ಹೆಮ್ಮೆಯಿಂದ ಹೇಳಿದ್ದಾನೆ.

“ಕದ್ದಾವರು ನನಗೇನೂ ಮಾತು ಕೊಟ್ಟಿದ್ದಿಲ್ಲ. ನೀ ಕೊಟ್ಟಿದ್ದಿ,” ಎಂದಳು. “ಮಾಲಕ ಇಲ್ಲದ ಕಣ್ಣು ತೆಗಿಯಾಂಗಿಲ್ಲ ಅಂತ ನನ್ನ ಅಂಗಳದಾಗ ನಿಂತು ಹೇಳಿದ್ದಿ. ಅದ ಕಟ್ಟಿಗಿ, ಅದ ನರ, ಒಂದೂ ಬಿಟ್ಟಿಲ್ಲ ನೀ. ಗೊತ್ತಿಲ್ಲದ ಮಾಡೀನಿ ಅಂತ ಹೆಂಗ ಹೇಳ್ತಿ? ಹೈದ್ರಾಬಾದಿಗೆ ಬಂದು ನನ್ನ ಮುಂದ ಅತ್ತಿ. ಆ ಕಣ್ಣೀರರ ಖರೇನ?”

ಅಣ್ಣನ ಮುಖ ಬಿಳಿಚಿತು. ಅವನು ಬೇಗಂಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ನನ್ನ ಕೊರಳಿನ ತಾಳಿ ನೋಡಿದ, ಮಡಿಲಿನ ಕೂಸು ನೋಡಿದ. ಕಾರು ಯಾರ ಕೈಯಿಂದ ಹೋಯಿತೆಂದು ಇಬ್ಬರಿಗೂ ಒಂದೇ ಕ್ಷಣಕ್ಕೆ ತಿಳಿದಿತ್ತು.

“ನನ್ನಿಂದ ತಪ್ಪಾತ್ರಿ,” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಕೈ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು.

“ಭಾಯಿ ಅಂದಿದ್ದೆ. ಆ ಮಾತು ವಾಪಸ್ ತೊಗೊಂಡೆ,” ಎಂದು ಬೇಗಂ ಟಾಂಗಾ ಹತ್ತಿದಳು.

“ಕೈ ಬಿಡೋ ಅಣ್ಣ! ಯಾಕ ಸುಳ್ಳ ಹೇಳಿದಿ?”

“ಸುಮ್ನಿರು. ಅವನ್ನ ಜೇಲಿಗೆ ಹಾಕಿದ್ರ ನಿನ್ನ ಗತಿ ಏನು? ಈ ಕೂಸಿನ ಗತಿ?”

“ನನ್ನ ಗತಿ ನನ್ನ ಕೇಳಿದ್ಯಾ? ನನ್ನ ಕೊರಳಾಗಿಂದು ತೋರಿಸಿ ನಿನ್ನ ಕುತ್ತಿಗಿ ಕೊಯ್ಕೊಳ್ಳಾಕ ಯಾರು ಹೇಳಿದ್ರು ನಿನಗ?” ಹಬ್ಬದ ದಿನವೆಂದೂ ನೋಡದೆ ಬಾಯಿಗೆ ಬಂದಂತೆ ಬೈದೆ. ಅವನು ಜೋಕಾಲಿಯ ಹಗ್ಗ ಬಿಚ್ಚುತ್ತಲೇ ಇದ್ದ.

ಮರುದಿನ ಒಬ್ಬರು ತಮ್ಮ ಬಾಗಿಲಿನ ಕಣ್ಣಿಗೆ ಬಂದು ಕೂತರು. ಅಣ್ಣ ಕುಂಚ ಎತ್ತಿದ, ಇಳಿಸಿದ. “ಈ ಬಾಗಲಾ ನಿಮ್ಮದ ಹೌದಲ್ರಿ?” ಎಂದ. ಹೌದೆಂದರು. ಮತ್ತೆ ಎತ್ತಿದ, ಮತ್ತೆ ಅದನ್ನೇ ಕೇಳಿದ. “ನಮ್ಮ ಮನಿ ಬಾಗಲಕ್ಕ ನಾ ಕಳ್ಳನೇನು?” ಎಂದು ಅವರು ಸಿಟ್ಟಾಗಿ ಎದ್ದು ಹೋದರು. ಹುಚ್ಚ ಎನ್ನುವುದು ಶುರುವಾದದ್ದು ಅವತ್ತಿನಿಂದ.

ನಾನು ಅವತ್ತೇ ಸಗರಕ್ಕೆ ಹೊರಟೆ. ಗಂಡ ಕೊಟ್ಟಿಗೆಯಲ್ಲಿ ಹೊಸ ಜೋಡಿ ಎತ್ತಿನ ಮೈ ತಿ‌ಕ್ಕುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ತಂದ ಎತ್ತು ಅವು. ಆ ಮನುಷ್ಯನಿಗೆ ನಾನು ಅಲ್ಲಿಯವರೆಗೆ ‘ರೀ’ ಬಿಟ್ಟು ಮಾತಾಡಿದವಳಲ್ಲ.

“ಬೇಗಂಸಾಬರ ಕಾರು ಯಾರು ಒಯ್ದ್ರು?”

ನನ್ನ ಮುಖ ನೋಡಿದ, ಸುಳ್ಳು ನಡೆಯುವುದಿಲ್ಲ ಎಂದು ತಿಳಿಯಿತು. “ಅಕಿಗಿ ಇನ್ನ ಕಾರು ಯಾಕ ಬೇಕು? ಜಾಗೀರಿ ಹೋತು, ರಾಜ್ಯಾನ ಹೋತು. ಇಲ್ಲಿ ಬಿದ್ದು ತುಕ್ಕ ಹಿಡೀತಿತ್ತು. ಈ ಎತ್ತು ಎಲ್ಲಿಂದ ಬಂದ್ವು ಅಂದ್ಕೊಂಡಿದ್ದಿ?”

ನಾನು ದಿನಾ ಮುಂಜಾನೆ ಆ ಎತ್ತುಗಳಿಗೆ ನನ್ನ ಕೈಯಾರೆ ಹಿಂಡಿ ತಿನ್ನಿಸಿದ್ದೆ.

“ಮಾರಿದ್ರ ಮಾರಿದಿ. ನಮ್ಮಣ್ಣನ ಕೈಲೆ ಯಾಕ ಮಾಡಿಸಿದಿ? ಬಣ್ಣದವರು ಬ್ಯಾರೆ ಯಾರೂ ಇದ್ದಿಲ್ಲೇನು?”

“ತೊಗೊಳ್ಳಾಂವ ಮುಂದಿನ ತಗಡು ಹೊಸದಾಗಬೇಕಂದ. ಬ್ಯಾರೆಯವರು ನೂರೆಂಟು ಸವಾಲ ಕೇಳ್ತಾರ. ನಿಮ್ಮಣ್ಣ ಕೇಳಾಂಗಿಲ್ಲ, ನಂಬ್ತಾನ,” ಎಂದ. ಎಂದವನು ನಕ್ಕ. ಹೊಸ್ತಿಲಲ್ಲಿ ನಾನು ಮರುಳಾದದ್ದೂ ಅದೇ ನಗೆಗೆ.

ಉಂಡ ಮನೆಯ ಗಳ ಎಣಿಸುವವರ ಸುದ್ದಿ ಕೇಳಿದ್ದೆ. ಅಂಥವನ ಜೊತೆ ಒಂದೇ ಚಾಪೆಯಲ್ಲಿ ಮಲಗಿದ್ದೆ ಎಂದು ತಿಳಿದಿರಲಿಲ್ಲ.

ಬೆಳಗಾಗುತ್ತಲೇ ಕೂಸನ್ನು ಕಂಕುಳಲ್ಲಿ ಹೊತ್ತು ಶಹಾಪುರದ ಹಾದಿ ಹಿಡಿದೆ. ಬೇಗಂಳ ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಆಕೆ ಅಂಗಳದಲ್ಲಿ ಒಂದು ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದಳು, ಕೆಲಸದ ಹೆಂಗಸರು ಸುತ್ತ ಇದ್ದರು.

“ಅಣ್ಣ ಕಳಿಸ್ಯಾನೇನು?” ಎಂದಳು, ಮುಖ ಎತ್ತದೆ.

“ಇಲ್ಲ. ಅವಗ ಗೊತ್ತಾದ್ರ ನನ್ನ ಕಾಲ ಮುರೀತಾನ. ಅವ ಕಾರು ಮಾರಿಲ್ರಿ. ಅವನ ಮುಂದ ಬರೀ ತಗಡು ತಂದು ಇಟ್ರು, ರಾಯಚೂರಿಂದು ಅಂದ್ರು. ಅವ ನಿಮ್ಮನ್ನ ನೆನಸಿಕೊಂಡು ನಿಮ್ಮ ಕಟ್ಟಿಗಿ ಬರದ. ಅದು ನಿಮ್ಮದ ಅಂತ ಗೊತ್ತಿಲ್ಲದ ಬರದ.”

“ತಂದಿಟ್ಟಾಂವ ಯಾರು? ಕಣ್ಣಿನ ಮುಂದ ಕೂತಾಂವ ಯಾರು?”

ಬಾಯಿ ತೆರೆದೆ. ಅಯ್ಯ ಶಿವನೇ, ನಾಲಿಗೆಗೆ ಮೊದಲು ಬಂದದ್ದು ಆ ಒಡಪು. ತಗಡಿನ ಮ್ಯಾಲ ಸಾಗವಾನಿ. ಅದನ್ನು ನುಂಗಿಕೊಂಡೆ. ಒಡಪಿಲ್ಲದೆ, ಸೆರಗು ಬಾಯಿಗೆ ಅಡ್ಡ ಹಿಡಿಯದೆ, ಬಿಸಿಲಲ್ಲಿ ನಿಂತು ಹೇಳಿದೆ.

“ಭಾಗಣ್ಣ.”

ಕೆಲಸದ ಹೆಂಗಸರು “ಎವ್ವಾ!” ಎಂದು ಬಾಯಿಗೆ ಕೈ ಹಚ್ಚಿಕೊಂಡರು. ಬೇಗಂ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಮನೆಯಲ್ಲಿದ್ದ ದಿನಗಳಲ್ಲಿ ಆಕೆ ನನ್ನನ್ನು ಕೆಣಕಿದ್ದಳು, “ನಿನ್ನ ಗಂಡನ ಹೆಸರ ಒಮ್ಮೆ ಹೇಳು,” ಎಂದು. ಆಕೆ ಎಷ್ಟು ಕಾಡಿದರೂ ನಾನು ಹೇಳಿರಲಿಲ್ಲ.

“ಇನ್ನೊಮ್ಮೆ ಬೇಕಂದ್ರ ಇನ್ನೊಮ್ಮೆ ಹೇಳ್ತೀನಿ. ಪೊಲೀಸರ ಮುಂದೂ ಹೇಳ್ತೀನಿ. ಭಾಗ…”

ಆಕೆ ಎದ್ದು ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. “ಸಾಕು ಬೇಟಿ. ಕಾರು ಹೋದಾಗ ನಾ ಅತ್ತಿದ್ದಿಲ್ಲ,” ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಪೊಲೀಸರಿಗೆ ಆಕೆ ಹೇಳಲಿಲ್ಲ. ಕೂತಿದ್ದ ಪೆಟ್ಟಿಗೆಯನ್ನು ಖಾಲಿ ಮಾಡಿಸಿ ಸುರಪುರಕ್ಕೆ ಒಯ್ದು ಅಣ್ಣನ ಮುಂದೆ ಇಟ್ಟಳು. “ಕಟ್ಟಿಗಿ ಬಣ್ಣ ಹಚ್ಚು ಭಾಯಿ. ಕಣ್ಣಿಗೆ ನಾ ಬರ್ತೀನಿ,” ಎಂದಳು. ಬಣ್ಣ ಒಣಗುವ ತನಕ ಹೈದರಾಬಾದಿನ ಪಯಣ ಮುಂದಕ್ಕೆ ಹಾಕಿದಳು. ಆ ದಿನ ಬಂದು ಎದುರು ಕೂತಾಗ ಅಣ್ಣ ಏನೂ ಕೇಳಲಿಲ್ಲ. ತೆಗೆದ ಕಣ್ಣು ಸೊಟ್ಟಗಾಯಿತು. “ಇರ್ಲಿ,” ಎಂದು ಆಕೆ ಹಾಗೆಯೇ ಎತ್ತಿಸಿಕೊಂಡು ಹೋದಳು. ಅವನು ತೆಗೆದ ಕೊನೆಯ ಕಣ್ಣು ಅದು. ಆಮೇಲಿನ ಬಾಗಿಲುಗಳಿಗೆಲ್ಲ ಬರೀ ನರ. ಸಗರದ ನಮ್ಮ ಹೊಸ್ತಿಲನ್ನು ಅವನು ಸಾಯುವ ತನಕ ತುಳಿಯಲಿಲ್ಲ. ನನಗೂ ಒಂದೇ ಮಾತು ಹೇಳಿದ: “ನೀ ಹೇಳಬಾರದಿತ್ತವ್ವ.” ಅದಕ್ಕೆ ನಾನು ಇವತ್ತಿಗೂ ಒಪ್ಪುವುದಿಲ್ಲ.

ಬೇಗಂಳನ್ನು ಕಳಿಸಿ ಸಗರಕ್ಕೆ ತಿರುಗಿ ಬಂದೆ. ಕೂಸು ಇತ್ತು, ಹೊಲ ಇತ್ತು, ಹೋಗುವುದಾದರೂ ಎಲ್ಲಿಗೆ? ಗಂಡ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತು ಏನೋ ಹೇಳಿ ನಗಿಸುತ್ತಿದ್ದ. ನಾನು ಅಂಗಳದಲ್ಲಿ ನಿಂತು ಕರೆದೆ:

“ಭಾಗಣ್ಣ, ಎತ್ತಿಗಿ ನೀರ ಕುಡಿಸಿದಿಲ್ಲೋ?”

ಕಟ್ಟೆಯ ಮಂದಿ ತಿರುಗಿ ನೋಡಿದರು. ಅವನ ಮುಖದ ಮೇಲಿನ ನಗು ಹಾಗೆಯೇ ನಿಂತು ಆಮೇಲೆ ಇಳಿಯಿತು.

ಅವತ್ತಿನಿಂದ ಅವನು ಮಣ್ಣಾಗುವ ತನಕ ಹೆಸರು ಹಿಡಿದೇ ಕರೆದೆ. ಊಟಕ್ಕೆ ಕರೆದೆ, ಹೊಲಕ್ಕೆ ಕರೆದೆ, ಜ್ವರದಲ್ಲಿ ಮಲಗಿದಾಗ ಗಂಜಿ ಹಿಡಿದುಕೊಂಡು ಕರೆದೆ. ಮಗನ ಮದುವೆಯಲ್ಲಿ ಬೀಗರ ಹೆಂಗಸರು ಒಡಪು ಹಾಕಿ ಹೆಸರ ಹೇಳು ಎಂದು ಕಾಡಿದಾಗ, “ಅದಕ್ಯಾಕ ಒಡಪು?” ಎಂದು ಚಪ್ಪರದಲ್ಲೇ ಹೇಳಿದೆ. ಅಷ್ಟು ಸಲ ಕರೆದರೂ ಒಂದು ಸಲವೂ ಅವನು ಓ ಎನ್ನಲಿಲ್ಲ.